ಸೋಮವಾರ ಹೂಡದ ಗಾಡಿ

ಅಗರಖೇಡದ ಆ ಮನೆಯ ಅಂಗಳದಲ್ಲಿ ಗಾಡಿಯ ಕೆಳಗೆ ತೂರಿ ಟಾರ್ಚ್ ಹಾಕಿದಾಗ ನನಗೆ ಮೊದಲು ಕಂಡದ್ದು ವೆಲ್ಡಿಂಗ್. ಒಂದು ಮೂಲೆಯಲ್ಲಲ್ಲ, ನಾಲ್ಕರಲ್ಲೂ. ಬೋಲ್ಟಿನ ತಲೆಗಳನ್ನೂ ಬಿಡದೆ, ಬಾಡಿಯನ್ನು ಹಿಡಿಯಲು ಕೆಳಗಿನ ಚಾಸಿಯಿಂದ ಚಾಚಿದ ಕಿವಿಗಳಿಗೂ ಮೇಲಿನ ಬಾಡಿಗೂ ಒಂದೇ ಸಮನೆ ವೆಲ್ಡ್ ಎಳೆದಿದ್ದರು. ಎಲ್ಲೂ ಒಂದು ತೂತಿಲ್ಲ, ಒಂದು ಗಂಟಿಲ್ಲ. ಕೆಲಸ ಅಷ್ಟು ಚೊಕ್ಕವಾಗಿದ್ದದ್ದೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಬಿಚ್ಚಿ ಬದಲಿಸಲೆಂದೇ ಮಾಡಿದ ಗಾಡಿಯನ್ನು ಈ ಜನ್ಮದಲ್ಲಿ ಬಿಚ್ಚದಂತೆ ಮಾಡಿಟ್ಟಿದ್ದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಶೆಡ್ಡಿನವರಿಗೆ ಅದು ರೂಢಿಯಾಗಿದೆ, ಊರವರಿಗೆ ಆಗಿರಲಿಲ್ಲ. ಹೊರಗೆ ಬಂದವಳೇ ಬೆನ್ನಿನ ಮಣ್ಣನ್ನೂ ಕೊಡವಿಕೊಳ್ಳದೆ, ಇದನ್ನು ಮಾಡಿದವರು ಯಾರು ಎಂದು ಗದರಿಸುವ ದನಿಯಲ್ಲೇ ಕೇಳಿದೆ. ಗಾಡಿಯ ಒಡತಿ ಕಟ್ಟೆಯ ಮೇಲೆ ಕೂತು ಖಡಕ್ ರೊಟ್ಟಿಗಳನ್ನು ಡಬ್ಬಿಗೆ ಜೋಡಿಸುತ್ತಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ನಾನು ಅವರನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತೇನೆ. ಅವರು ಕೈ ನಿಲ್ಲಿಸಲೂ ಇಲ್ಲ.

"ನಾನ ಮಾಡಿಸೇನ್ರಿ," ಎಂದರು. "ಕಟಕಟ ಅನ್ನಾಕತ್ತೈತಿ ಅಂತ ನಿಮ್ಮ ಶೆಡ್ಡಿಗೆ ಫೋನ್ ಮಾಡಿದೆ. ಬೋಲ್ಟ್ ಬಿಗಿ ಮಾಡ್ರಿ ಅಂದ್ರಿ. ಮಾಡಿದೆ. ಮತ್ತ ಫೋನ್ ಮಾಡಿದೆ, ಮತ್ತ ಬಿಗಿ ಮಾಡ್ರಿ ಅಂದ್ರಿ. ಸದ್ದ ಮಾಡೂ ಗಾಡಿನ ಎಷ್ಟ ದಿನ ನಂಬಲಿ?"

ನನ್ನ ಜೊತೆ ಬಂದಿದ್ದ ನಮ್ಮ ಶೆಡ್ಡಿನ ಮಿಸ್ತ್ರಿ ಬೇರೆ ಕಡೆ ಮುಖ ಮಾಡಿಕೊಂಡ. ಫೋನ್ ಎತ್ತಿ ಬಿಗಿ ಮಾಡಿ ಎಂದವನು ಅವನೇ ಇರಬೇಕು. ನಮ್ಮ ಕಡೆ ಅಲುಗಾಡುವ ಯಾವುದಕ್ಕೂ ಒಂದೇ ಮದ್ದು. ಟ್ರೇಲರಿನ ಬಾಗಿಲಿರಲಿ, ಕುಂಟೆಯ ತಾಳಿರಲಿ, ಮಂಚದ ಕಾಲಿರಲಿ, ಸಡಿಲಾದ ಕೂಡಲೇ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಬೆಸೆದದ್ದು ಗಟ್ಟಿ, ಬೋಲ್ಟ್ ಹಾಕಿದ್ದು ತಾತ್ಕಾಲಿಕ. ವೈನಿ ಗಾಡಿಯ ಮೇಲಿನ ಅಕ್ಕರೆಯಿಂದಲೇ ಅದನ್ನು ಹಾಳು ಮಾಡಿಸಿದ್ದರು.

ಗಾಡಿಯ ಸಂಗತಿ ಇಷ್ಟು. ಕೆಳಗೆ ಬ್ಯಾಟರಿಯಿಂದ ಓಡುವ ನಾಲ್ಕು ಗಾಲಿಯ ಸಣ್ಣ ಚಾಸಿ, ಮುಂದೆ ಇಬ್ಬರು ಕೂರುವ ಕ್ಯಾಬಿನ್. ಅಷ್ಟನ್ನು ಮಾಡುವುದು ದೂರದ ಊರಿನ ಒಂದು ಕಂಪನಿ. ಕ್ಯಾಬಿನ್ನಿನ ಹಿಂದೆ ಕೂರುವ ಬಾಡಿಯನ್ನು ಮಾಡುವುದು ಸಿಂದಗಿಯ ನಮ್ಮ ಶೆಡ್. ಚಾಸಿ ಎಲ್ಲರಿಗೂ ಒಂದೇ, ಬಾಡಿ ಅವರವರ ದುಡಿಮೆಗೆ ತಕ್ಕಂತೆ. ವೈನಿಗೆ ಎರಡು ಬಾಡಿ ಮಾಡಿಕೊಟ್ಟಿದ್ದೆವು. ಒಂದು, ನಿಂಬೆಯ ಡಾಗ ಹೇರಲು ಸುತ್ತಲೂ ಪಟ್ಟಿ ಹೊಡೆದು ಗಾಳಿಯಾಡುವಂತೆ ಮಾಡಿದ್ದು. ಡಾಗ ಎಂದರೆ ನಮ್ಮಲ್ಲಿ ನಿಂಬೆಹಣ್ಣಿನ ಚೀಲ. ಮುಚ್ಚಿದ ಬಾಡಿಯಲ್ಲಿ ಹೇರಿದರೆ ಇಂಡಿ ಮುಟ್ಟುವಷ್ಟರಲ್ಲಿ ಹಣ್ಣು ಬೆವರುತ್ತದೆ. ಇನ್ನೊಂದು, ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾರಲು ಎಲ್ಲ ಕಡೆ ಮುಚ್ಚಿ, ಒಂದು ಬದಿಯನ್ನು ಕೆಳಕ್ಕೆ ಮಡಚಿದರೆ ಅಂಗಡಿಯಾಗುವಂಥದ್ದು. ಬೆಳಿಗ್ಗೆ ಒಂದು, ಬೇಕಾದರೆ ಮಧ್ಯಾಹ್ನ ಇನ್ನೊಂದು.

ಪರೀಕ್ಷೆಗೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಒಂದೊಂದು ಗಾಡಿ ಕೊಟ್ಟಿದ್ದೆವು. ಕಂಪನಿಯ ಷರತ್ತು ನೇರವಾಗಿತ್ತು. ನಮ್ಮ ಮೆಕ್ಯಾನಿಕ್ ಕೈ ಹಚ್ಚದೆ, ಗಾಡಿಯ ಮನೆಯವರೇ ಬಾಡಿ ಬದಲಿಸಬೇಕು. ಹಾಗೆ ಬದಲಿಸಿದ ಗಾಡಿ ಹೊಲದ ದಾರಿಯಲ್ಲಿ ಹೇರು ಹೊತ್ತು ಕೆಡದೆ ಹೋಗಬೇಕು. ಇಷ್ಟಾದರೆ ಈ ಭಾಗದ ಬಾಡಿಗಳನ್ನೆಲ್ಲ ಮಾಡುವುದು ನಮ್ಮ ಶೆಡ್. ಆಗದಿದ್ದರೆ ಅವರ ಕಾರ್ಖಾನೆಯಲ್ಲೇ ಒಂದೇ ನಮೂನೆಯ ಬಾಡಿ ಕೂರಿಸಿ ಕಳಿಸುತ್ತಾರೆ, ನಾವು ಅವನ್ನು ಸಾಲಾಗಿ ನಿಲ್ಲಿಸಿ ಮಾರುವ ಅಂಗಡಿಯಾಗುತ್ತೇವೆ. ಮಾರಲು ಇಬ್ಬರು ಸಾಕು. ನಾವಿದ್ದದ್ದು ಹನ್ನೊಂದು ಜನ.

ಸಿಟ್ಟು ಇಳಿದ ಮೇಲೆ ಮತ್ತೊಮ್ಮೆ ಕೆಳಗೆ ತೂರಿದೆ. ವೆಲ್ಡ್ ಮುಗಿದ ಜಾಗದಿಂದ ಬಾಡಿಯ ಅಡಿಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಬೆರಳಿನಿಂದ ಮುಟ್ಟಿದರೆ ತಿಳಿಯದು, ಉಗುರು ಆಡಿಸಿದರೆ ಸಿಕ್ಕುತ್ತದೆ. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಸದ್ದು ನಿಂತಿತ್ತು, ಸದ್ದಿನ ಕಾರಣ ನಿಂತಿರಲಿಲ್ಲ. ಅದು ಒಳಗೊಳಗೇ ಕಬ್ಬಿಣವನ್ನು ಹರಿಯುತ್ತಿತ್ತು. ಪುಣ್ಯಕ್ಕೆ ಬಿರುಕು ನಾವು ಮಾಡಿದ ಬಾಡಿಯಲ್ಲಿತ್ತು, ಕಂಪನಿಯ ಚಾಸಿ ಹುಷಾರಾಗಿತ್ತು. ವೆಲ್ಡ್ ಹತ್ತಿದ್ದ ಕಿವಿಗಳನ್ನೂ ಬಿಚ್ಚಿ ಬೇರೆ ಹಾಕಬಹುದಿತ್ತು. ಗಾಡಿಯನ್ನು ಸಿಂದಗಿಗೆ ಒಯ್ಯುತ್ತೇನೆ, ತುಸು ದಿನ ಬೇಕು ಎಂದೆ. ವೈನಿ ಒಪ್ಪಿದರು. ಆದರೆ ಮರಳಿ ತಂದಾಗ ಕಟಕಟ ಅಂದರೆ ಒಳಗೆ ಬಿಡುವುದಿಲ್ಲ ಎಂದೂ ಹೇಳಿದರು.

ಒಂದು ಗಾಡಿ ನೋಡಿ ತೀರ್ಮಾನಕ್ಕೆ ಬರಬಾರದೆಂದು ಉಳಿದ ಮೂರನ್ನೂ ನೋಡಲು ಹೊರಟೆ. ಸಿಂದಗಿ ತಾಲ್ಲೂಕಿನದು ಮೋರಟಗಿಯಲ್ಲಿತ್ತು. ಅಲ್ಲಿನವರು ಬಾಡಿಯ ಸಂದುಗಳಿಗೆ ಗೋಣಿತಾಟು ತುರುಕಿದ್ದರು. ಮುದ್ದೇಬಿಹಾಳದಲ್ಲಿ ಕುರಿಮರಿ ಸಾಗಿಸುವವರು ಹಳೆಯ ಟಯರನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಬೋಲ್ಟಿನ ಕೆಳಗೆ ಇಟ್ಟಿದ್ದರು. ಬಸವನ ಬಾಗೇವಾಡಿಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರು ಬಾಡಿಯನ್ನು ಚಾಸಿಗೆ ಹಗ್ಗದಿಂದ ಬಿಗಿದು, ಹಗ್ಗದ ನಡುವೆ ಕೋಲು ಸಿಕ್ಕಿಸಿ ತಿರುವಿದ್ದರು. ಯಾರೂ ದೂರು ಹೇಳಲಿಲ್ಲ. ಚಲೋ ಓಡತೈತ್ರಿ, ಒಂದೀಟು ಸದ್ದು ಅಷ್ಟೇ ಎಂದರು. ಎರಡನೆಯ ಬಾಡಿ ಎಲ್ಲಿ ಎಂದು ಕೇಳಿದರೆ ಮೂವರೂ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಒಂದರ ಮೇಲೆ ಕೋಳಿ ಕೂತಿತ್ತು. ಮೊದಲ ದಿನದ ನಂತರ ಒಬ್ಬರೂ ಬಾಡಿ ಬದಲಿಸಿರಲಿಲ್ಲ.

ಬಾಗೇವಾಡಿಯಲ್ಲಿ ಹಗ್ಗ ಬಿಚ್ಚಿಸಿ ನಾಲ್ಕು ಕೂಡುಜಾಗಗಳನ್ನು ಬಟ್ಟೆಯಿಂದ ಒರೆಸಿ ನೋಡಿದೆ. ಮುಂದಿನ ಎಡ ಮೂಲೆ ಮತ್ತು ಹಿಂದಿನ ಬಲ ಮೂಲೆ ತಿಕ್ಕಿ ತಿಕ್ಕಿ ಬೆಳ್ಳಗೆ ಹೊಳೆಯುತ್ತಿದ್ದವು. ಉಳಿದೆರಡರಲ್ಲಿ ಧೂಳು ಹಾಗೆಯೇ ಇತ್ತು. ಮಿಸ್ತ್ರಿಗೆ ಫೋನ್ ಮಾಡಿ, ಅಗರಖೇಡದ ಗಾಡಿಯಲ್ಲಿ ನಾನು ಕಂಡ ಬಿರುಕು ಯಾವ ಮೂಲೆಯದು, ಖಾತ್ರಿ ಮಾಡಿ ಹೇಳು ಎಂದೆ. ಮುಂದಿನ ಎಡ ಎಂದ. ಅಲ್ಲೇ ಗಾಡಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಬೋಲ್ಟ್ ಸಡಿಲಾಗಿ ಸದ್ದು ಬರುತ್ತಿರಲಿಲ್ಲ, ಎಷ್ಟು ಬಿಗಿ ಮಾಡಿದರೂ ಬರುವಂಥದ್ದೇ ಅದು.

ನಮ್ಮ ಎರೆಹೊಲದ ದಾರಿಗಳನ್ನು ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಮಳೆಯಲ್ಲಿ ಟ್ರ್ಯಾಕ್ಟರ್ ಹಾದು ಬಿದ್ದ ಗಾಲಿದಾರಿ ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಣ್ಣ ಗಾಡಿ ಅಲ್ಲಿಗೆ ಹೊಕ್ಕರೆ ಒಂದು ಗಾಲಿ ದಿಬ್ಬದ ಮೇಲೆ, ಕರ್ಣಕ್ಕಿರುವ ಇನ್ನೊಂದು ತಗ್ಗಿನಲ್ಲಿ. ಚಾಸಿ ಒದ್ದೆ ಬಟ್ಟೆ ಹಿಂಡಿದಂತೆ ತುಸು ತಿರುಚುತ್ತದೆ. ಅದು ಹಾಗೆ ತಿರುಚಲೆಂದೇ ಮಾಡಿದ್ದು. ಬಾಡಿ ಮಾತ್ರ ಪೆಟ್ಟಿಗೆ, ತಿರುಚುವುದಿಲ್ಲ. ನಾಲ್ಕು ಕಡೆ ಹಿಡಿದರೆ ಪ್ರತಿ ತಗ್ಗಿಗೂ ಎರಡು ಮೂಲೆ ಎದ್ದು ಬಡಿಯಲೇಬೇಕು. ಬಡಿಯದಂತೆ ಬೆಸೆದರೆ ಹರಿಯಲೇಬೇಕು. ಕಂಪನಿಯವರು ಇದನ್ನು ನುಣ್ಣನೆಯ ಡಾಂಬರಿನ ಮೇಲೆ ಓಡಿಸಿ ನೋಡಿದ್ದರು.

ನಾಲ್ಕು ಕಾಲಿನ ಸ್ಟೂಲು ಅಲುಗಾಡುತ್ತದೆ, ಮೂರು ಗುಂಡಿನ ಒಲೆ ಎಂಥ ನೆಲದಲ್ಲೂ ಅಲುಗಾಡದು. ಬಾಡಿಯನ್ನು ಹಿಂದೆ ಎರಡು ಕಡೆ, ಮುಂದೆ ನಟ್ಟನಡುವೆ ಒಂದು ಕಡೆ ಹಿಡಿದರೆ ಸಾಕು. ಮುಂದಿನದು ಗಟ್ಟಿ ಹಿಡಿತವಲ್ಲ, ತಿರುಗುವ ಪಿನ್. ಚಾಸಿ ತನ್ನ ಪಾಡಿಗೆ ತಿರುಚಿಕೊಳ್ಳಲಿ, ಬಾಡಿಗೆ ಅದರ ಗೊಡವೆ ಬೇಡ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ, ಗುಡ್ಡಗಾಡಿನ ದೊಡ್ಡ ಲಾರಿಗಳಲ್ಲಿ ಹಾಗೆ ಮಾಡುತ್ತಾರೆಂದು ಓದಿದ್ದೆ. ಸಣ್ಣ ಗಾಡಿಗೆ ಯಾರೂ ಮಾಡಿದ್ದು ನೋಡಿರಲಿಲ್ಲ, ಅಷ್ಟೇ.

ಕಂಪನಿಯ ಸಾಹೇಬರಿಗೆ ಫೋನ್ ಮಾಡಿದೆ. ಈ ಯೋಜನೆಗೆ ಅವರೇ ಮುಖ್ಯಸ್ಥರು, ಮೈಸೂರಿನ ಕಡೆಯವರು, ಮಾತು ಮೆತ್ತಗೆ. ಎಲ್ಲವನ್ನೂ ಕೇಳಿಸಿಕೊಂಡು, "ಡ್ರಾಯಿಂಗ್ ಆಗಲೇ ಅಂತಿಮವಾಗಿದೆ ಮೇಡಂ. ಈಗ ಚಾಸಿಗೆ ಹೊಸದಾಗಿ ಒಂದೇ ಒಂದು ತೂತು ಕೊರೆದ್ರೂ ನಾವು ಒಪ್ಪಲ್ಲ," ಎಂದರು. ಬೇಕಾದರೆ ಮುಂದಿನ ವರ್ಷದ ಗಾಡಿಗಳಿಗೆ ನೋಡೋಣ ಎಂದೂ ಸೇರಿಸಿದರು. ಮುಂದಿನ ವರ್ಷಕ್ಕೆ ನಮ್ಮ ಶೆಡ್ ಇರುತ್ತದೆಯೇ ಎಂದು ಕೇಳಬೇಕೆನಿಸಿತು, ಫೋನ್ ಇಟ್ಟೆ.

ಮರುದಿನ ಶೆಡ್ಡಿನಲ್ಲಿ ಮಿಸ್ತ್ರಿ ಅಗರಖೇಡದ ಗಾಡಿಯ ವೆಲ್ಡ್ ಕೊಯ್ಯುತ್ತಿದ್ದ. ಅವನ ಪಕ್ಕ ನಿಂತು ಚಾಸಿಯನ್ನು ಬಹಳ ಹೊತ್ತು ನೋಡಿದೆ. ತೂತು ಕೊರೆಯಬಾರದು ಅಂದಿದ್ದರು. ಇರುವ ತೂತುಗಳನ್ನು ಬೇರೆ ರೀತಿ ಬಳಸಬಾರದು ಅಂದಿರಲಿಲ್ಲ. ಮುಂದಿನ ಎರಡು ಕಿವಿಗಳ ತೂತುಗಳಿಗೇ ಒಂದು ಅಡ್ಡ ತೊಲೆ ಕಟ್ಟಿ, ಆ ತೊಲೆಯ ನಡುವೆ ಪಿನ್ ಕೂರಿಸಬಹುದಿತ್ತು. ಮಿಸ್ತ್ರಿಗೆ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆ. ಅವನು ಗ್ರೈಂಡರ್ ಆರಿಸಿ ನೋಡಿದ.

"ಸಾಹೇಬ್ರು ಬಂದು ನೋಡಿ ಸಿಟ್ಟಾದ್ರ ಇರೂ ಕೆಲಸನೂ ಹೋಗತೈತಲ್ರಿ ಅಕ್ಕಾರ," ಎಂದ.

ಅವನ ಮಾತು ಸರಿಯಾಗಿಯೇ ಇತ್ತು. ಅವರ ಒಪ್ಪಿಗೆಯಿಲ್ಲದೆ ಬದಲಿಸಿದರೆ ಕೊಟ್ಟ ಕೆಲಸವನ್ನು ಕಸಿಯಲು ಅದೊಂದೇ ನೆಪ ಸಾಕು. ಬದಲಿಸದಿದ್ದರೆ ನೆಪವೂ ಬೇಕಿಲ್ಲ, ಗಾಡಿಯೇ ನಮ್ಮನ್ನು ಸೋಲಿಸುತ್ತದೆ. ಸುಮ್ಮನೆ ಕೂತು ಸೋಲುವುದು ನನ್ನ ಜಾಯಮಾನವಲ್ಲ. ತೊಲೆ ಕತ್ತರಿಸು ಎಂದೆ. ಅವನು ಅಳತೆಪಟ್ಟಿ ತೆಗೆದುಕೊಂಡ.

ಮೊದಲ ಪಿನ್ನನ್ನು ಕಬ್ಬಿಣದ ಬುಷ್ಷಿನಲ್ಲೇ, ಎಂದರೆ ಪಿನ್ನನ್ನು ಹಿಡಿಯುವ ಬಳೆಯಲ್ಲೇ, ಕೂರಿಸಿದೆವು. ಮೋರಟಗಿಯ ಹೊಲದ ದಾರಿಗೆ ಒಯ್ದು, ಮರಳಿನ ಚೀಲ ಹೇರಿ ಓಡಿಸಿದರೆ ನಾಲ್ಕು ಕಡೆಯ ಕಟಕಟ ಹೋಗಿ ಒಂದೇ ಕಡೆಯ ಟಣಟಣ ಬಂತು. ನಾನು ಹಣೆ ಚಚ್ಚಿಕೊಂಡೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಮೇಲೆ ಸದ್ದು ಬರದೆ ಇನ್ನೇನು ಬರುತ್ತದೆ. ರಬ್ಬರ್ ಬುಷ್ ಬೇಕಿತ್ತು. ನಮ್ಮ ಅಳತೆಗೆ ಹೊಸದಾಗಿ ಮಾಡಿಸಬಹುದಿತ್ತು, ಆದರೆ ಅದು ಸವೆದ ದಿನ ವೈನಿ ಎಲ್ಲಿ ಹುಡುಕಬೇಕು? ಬೇರೆ ಬೇರೆ ಭಾಗ ಕೂಡಿಸಿ ಮಾಡಿದ ಗಾಡಿಯ ಭಾಗ ಕೈಗೆ ಸಿಗದಿದ್ದರೆ ಕೂಡಿಸಿ ಫಲವಿಲ್ಲ. ಟೆಂಪೊಗಳ ಪಾಟಾಕ್ಕೆ, ಎಂದರೆ ಸ್ಪ್ರಿಂಗ್ ಪಟ್ಟಿಗಳಿಗೆ, ಹಾಕುವ ರಬ್ಬರ್ ಬುಷ್ ನಾಲ್ಕೂ ಊರಿನ ಸ್ಪೇರ್ ಅಂಗಡಿಗಳಲ್ಲಿ ತೂಗಾಡುತ್ತಿರುತ್ತದೆ. ಅದನ್ನೇ ತಂದೆ, ಅದರ ಅಳತೆಗೇ ಪಿನ್ನನ್ನು ಮತ್ತೆ ಕಡೆಸಿದೆ. ಪಿನ್ ಹೊರಬರದಂತೆ ಎತ್ತಿನ ಚಕ್ಕಡಿಯ ಗಾಲಿ ಕಳಚದಂತೆ ಹಾಕುವ ಕಡಾಣಿಯ ಹಾಗೆ ಒಂದು ಕೀಲು. ಹಿಂದಿನ ಎರಡು ಕಡೆ ಕೈಯಿಂದಲೇ ಎಳೆದು ಮುಚ್ಚುವ ಕೊಂಡಿ. ಬೋಲ್ಟ್ ತಿರುವುವ ಪಾನೆಯ ಕೆಲಸವೇ ಇಲ್ಲದಂತಾಯಿತು.

ಎರಡನೆಯ ಸಲ ಸದ್ದಿಲ್ಲದೆ ಹೊರಟ ಗಾಡಿ ಹಳ್ಳದ ಇಳಿಜಾರಿನಲ್ಲಿ ಧಡ್ ಎಂದಿತು. ವೈನಿಯ ಎರಡೂ ಬಾಡಿಗಳಿಗೆ ಕ್ಯಾಬಿನ್ನಿನ ಮೇಲಕ್ಕೆ ಚಾಚಿದ ಒಂದೊಂದು ಛಜ್ಜಾ ಇಟ್ಟಿದ್ದೆವು, ನಿಂಬೆಯದರಲ್ಲಿ ಖಾಲಿ ಚೀಲ ಇಡಲು, ರೊಟ್ಟಿಯದರಲ್ಲಿ ಅಂಗಡಿಯ ಬೋರ್ಡು ಹಾಕಲು. ಈಗ ಚಾಸಿ ತಿರುಚುವಾಗ ಬಾಡಿ ನೆಟ್ಟಗೇ ಇರುತ್ತಿತ್ತು, ಚಾಸಿಯ ಜೊತೆ ಕ್ಯಾಬಿನ್ ಓರೆಯಾಗಿ ಛಜ್ಜಾಕ್ಕೆ ತಲೆ ಬಡಿಯುತ್ತಿತ್ತು. ಛಜ್ಜಾ ಕೊಯ್ದು ಬಿಸಾಕೋಣ ಎಂದ ಮಿಸ್ತ್ರಿ. ವೈನಿಗೆ ಫೋನ್ ಮಾಡಿ ಕೇಳಿದೆ. ಅದನ್ನು ಕೊಯ್ದರೆ ತನಗೆ ಗಾಡಿಯೇ ಬೇಡ, ಅಂಗಡಿಯ ಹೆಸರಿನ ಬೋರ್ಡು ಬರೆಸಲು ಈಗಾಗಲೇ ಕೊಟ್ಟಾಗಿದೆ ಎಂದರು. ಅವರವರಿಗೆ ಬೇಕಾದಂತೆ ಮಾಡಿಕೊಡುತ್ತೇವೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನೇ. ಎರಡೂ ಬಾಡಿಗಳ ಛಜ್ಜಾವನ್ನು ನಾಲ್ಕು ಬೆರಳು ಎತ್ತರಿಸಿ ಮತ್ತೆ ಕೂರಿಸಿದೆವು. ಮೂರನೆಯ ಸಲ ಹಳ್ಳ ಇಳಿದು ಹತ್ತಿದಾಗ ಗಾಲಿಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮಿಸ್ತ್ರಿ ಹಿಂದಿನಿಂದ ಬೈಕಿನಲ್ಲಿ ಬರುತ್ತಾ ಹೆಬ್ಬೆರಳು ಎತ್ತಿ ತೋರಿಸಿದ.

ಗಾಡಿಯನ್ನು ಅಗರಖೇಡಕ್ಕೆ ಮುಟ್ಟಿಸಿ, ವೈನಿಗೂ ಅವರ ನೆಗೆಣ್ಣಿಗೂ, ಎಂದರೆ ಓರಗಿತ್ತಿಗೂ, ಬಾಡಿ ಬದಲಿಸುವುದನ್ನು ಕಲಿಸಿದೆ. ಬಾಡಿಯ ಬದಿಗಳಲ್ಲಿ ಮಡಚಿಟ್ಟ ನಾಲ್ಕು ಕಾಲುಗಳಿವೆ. ಅವನ್ನು ಕೆಳಗೆ ಬಿಟ್ಟು, ಪ್ರತಿ ಕಾಲಿನ ಹಿಡಿಕೆ ತಿರುವಿ ಬಾಡಿಯನ್ನು ತುಸು ಎತ್ತಬೇಕು. ಕೀಲು ಕಿತ್ತು, ಕೊಂಡಿ ಬಿಡಿಸಿದರೆ ಬಾಡಿ ತನ್ನ ಕಾಲ ಮೇಲೆ ನಿಲ್ಲುತ್ತದೆ, ಗಾಡಿಯನ್ನು ಅದರ ಕೆಳಗಿಂದ ಮುಂದಕ್ಕೆ ಓಡಿಸಿ, ಇನ್ನೊಂದು ಬಾಡಿಯ ಕೆಳಗೆ ಹಿಮ್ಮುಖವಾಗಿ ತೂರಿಸಬೇಕು. ವೈನಿ ಎರಡು ಸಲದಲ್ಲೇ ಕಲಿತರು. ಇನ್ನು ಸಾಹೇಬರು ಯಾವಾಗ ಬೇಕಾದರೂ ಬರಲಿ ಎಂದುಕೊಂಡು ನಾನು ಹಗುರಾಗಿದ್ದೆ.

ಕೆಲವು ವಾರ ಬಿಟ್ಟು ಸಾಹೇಬರು ಫೋನ್ ಮಾಡಿದರು. ಗಾಡಿಗಳು ದಿನಾ ಎಷ್ಟು ಓಡುತ್ತವೆಂಬುದು ಗಾಡಿಯೊಳಗಿನ ಜಿಪಿಎಸ್‌ನಿಂದ ಅವರಿಗೆ ಅಲ್ಲಿಂದಲೇ ಕಾಣುತ್ತದೆ. ಅಗರಖೇಡದ ಗಾಡಿ ವಾರಕ್ಕೊಂದು ದಿನ ನಿಂತಲ್ಲೇ ನಿಂತಿರುತ್ತದೆ, ಅದೂ ಪ್ರತಿ ಸೋಮವಾರ. ನಾವು ಏನನ್ನೋ ಮುಚ್ಚಿಟ್ಟು ವಾರಕ್ಕೊಮ್ಮೆ ರಿಪೇರಿ ಮಾಡುತ್ತಿದ್ದೇವೆಂದು ಅವರ ಗುಮಾನಿ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. "ಹಾಗಾಗಿ ಸೋಮವಾರಾನೇ ಬರ್ತೀನಿ ಮೇಡಂ. ಅವತ್ತೇ ಬಾಡಿ ಬದಲಿಸೋದು ನೋಡ್ತೀನಿ," ಎಂದರು.

ನಾವು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಸೋಮವಾರ ಗಾಡಿ ಏಕೆ ನಿಲ್ಲುತ್ತದೆಂದು ನನಗೇ ಗೊತ್ತಿರಲಿಲ್ಲ. ಶನಿವಾರ ಅಗರಖೇಡಕ್ಕೆ ಹೋದೆ. ವೈನಿ ಕೇಳಿದ ಕೂಡಲೇ ನಕ್ಕು, ಬೇವಿನ ನೆರಳಲ್ಲಿ ಕೂತಿದ್ದ ತಮ್ಮ ಮಾವನ ಕಡೆ ಕೈ ಮಾಡಿದರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆದು ಮೇಯಲು ಬಿಡುತ್ತಾರೆ. ಮೋರಟಗಿಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಮನೆಯಲ್ಲಿ ಎತ್ತುಗಳು ಮುಪ್ಪಾಗಿ, ಚಕ್ಕಡಿಯ ಜಾಗಕ್ಕೆ ನಮ್ಮ ಗಾಡಿ ಬಂದಾಗ, ಚಕ್ಕಡಿಯ ಬಿಡುವೂ ಗಾಡಿಗೇ ಬಂದಿತ್ತು. ಕಟ್ಟಪ್ಪಣೆ ಆ ಮಾವನದು, ನಾವೆಲ್ಲ ಮುತ್ಯಾ ಎನ್ನುವ ಅಜ್ಜನದು. ಬ್ಯಾಟರಿ ಗಾಡಿಗೆ ದಣಿವಿಲ್ಲ, ಒಂದೇ ಒಂದು ಸೋಮವಾರ ಬಿಟ್ಟುಕೊಡಿ ಎಂದು ನಾನು ಗೋಗರೆದೆ. ನಮ್ಮ ಶೆಡ್ಡಿನ ಹನ್ನೊಂದು ಜನರ ಸಂಗತಿಯನ್ನೂ ಹೇಳಿದೆ. ಮುತ್ಯಾ ಪೂರ್ತಿ ಕೇಳಿದರು.

"ಎತ್ತ ಹ್ವಾದ್ರ ಸೋಮವಾರನೂ ಹೋಗತೈತೇನವಾ?" ಎಂದರು. "ದುಡಿಯೂದಕ್ಕ ಒಂದಿನ ಬಿಡುವ ಕೊಡಬೇಕು. ಅದಕ್ಕ ಜೀವ ಐತೋ ಇಲ್ಲೋ, ನಮಗರೆ ಐತಿಲ್ಲ?"

ಸಾಹೇಬರಿಗೆ ದಿನ ಬದಲಿಸಿ ಎಂದರೆ ಅವರ ಗುಮಾನಿ ಗಟ್ಟಿಯಾಗುತ್ತದೆ. ಮುತ್ಯಾನ ಮಾತು ಮುರಿದು ಗಾಡಿ ಹೊರಡಿಸಿ ಎಂದು ವೈನಿಗೆ ಹೇಳುವ ಹಕ್ಕು ನನಗಿಲ್ಲ. ಅಂಗಳದಲ್ಲಿ ನಿಂತ ಗಾಡಿಯನ್ನೇ ನೋಡುತ್ತಾ ಕೂತೆ. ಬಾಡಿ ಬದಲಿಸಲು ಗಾಡಿ ಮೂರು ಮಾರು ಮುಂದೆ ಹೋಗಬೇಕು, ಮೂರು ಮಾರು ಹಿಂದೆ ಬರಬೇಕು. ಅಷ್ಟಕ್ಕೆ ಮೋಟರ್ ಯಾಕೆ ಬೇಕು?

"ಮುತ್ಯಾ," ಎಂದೆ, "ಯಾರೂ ಕುಂತು ಓಡಸೂದು ಬ್ಯಾಡ. ಹೇರೂ ಬ್ಯಾಡ. ಖಾಲಿ ಗಾಡಿ ಕೈಲೆ ದೂಡಿದ್ರ ನಡಿತೈತೇನ್ರಿ?"

ಮುತ್ಯಾ ಗಡ್ಡ ಕೆರೆದುಕೊಂಡು ಯೋಚಿಸಿದರು. "ಸೋಮವಾರ ಚಕ್ಕಡೀನೂ ಕೈಲೆ ದೂಡೇ ನೆರಳಿಗೆ ಹಚ್ಚತಿದ್ವಿ," ಎಂದರು ಕಡೆಗೆ. "ದೂಡ್ರಿ."

ಸೋಮವಾರ ಸಾಹೇಬರು ಬಂದಾಗ ಅಂಗಳ ತೊಳೆದು, ಗಾಡಿಯ ಮುಂದೆ ವಿಭೂತಿ ಬಳಿದು, ಹೂ ಏರಿಸಿದ್ದರು. ಗಾಡಿ ಏಕೆ ನಿಲ್ಲುತ್ತದೆಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ. ಒಂದು ಮುಗುಳ್ನಗೆ ನಕ್ಕು, ಸರಿ, ಶುರು ಮಾಡಿ ಎಂದರು. ನಾನೂ ಮಿಸ್ತ್ರಿಯೂ ಕಟ್ಟೆಗೆ ಬೆನ್ನು ಕೊಟ್ಟು ನಿಂತೆವು. ಕೈ ಹಚ್ಚುವಂತಿರಲಿಲ್ಲ. ಕೈ ಹಚ್ಚದೆ ನಿಲ್ಲುವುದು ನನಗೆ ಎಷ್ಟು ಕಷ್ಟವೆಂದು ಅಂದೇ ಗೊತ್ತಾದದ್ದು.

ವೈನಿ ಸೆರಗು ಸಿಕ್ಕಿಸಿಕೊಂಡರು. ಒಂದು ಬದಿಯ ಕಾಲುಗಳನ್ನು ಅವರು, ಇನ್ನೊಂದು ಬದಿಯವನ್ನು ನೆಗೆಣ್ಣಿ ಕೆಳಗೆ ಬಿಟ್ಟರು. ಹಿಡಿಕೆ ತಿರುವುತ್ತಿದ್ದಂತೆ ಹಿಂದಿನ ಒಂದು ಕಾಲು ತೊಳೆದ ಅಂಗಳದ ಎರೆಮಣ್ಣಿನಲ್ಲಿ ಮೆಲ್ಲಗೆ ಇಳಿಯತೊಡಗಿತು. ಬಾಡಿ ಅತ್ತ ವಾಲಿತು. ಮಿಸ್ತ್ರಿ ನನ್ನ ತೋಳು ಹಿಡಿದ, ಇಲ್ಲದಿದ್ದರೆ ನಾನು ಓಡಿಯೇ ಬಿಡುತ್ತಿದ್ದೆ. ವೈನಿ ನನ್ನ ಕಡೆ ನೋಡಲೂ ಇಲ್ಲ. ಕಾಲನ್ನು ಮತ್ತೆ ಮೇಲಕ್ಕೆ ತಿರುವಿ, ಬಚ್ಚಲ ಪಕ್ಕದ ಫರಸಿ ಕಲ್ಲುಗಳನ್ನು ಹೊತ್ತು ತಂದು ನಾಲ್ಕೂ ಕಾಲಿನ ಕೆಳಗೆ ಹಾಕಿ ಮೊದಲಿನಿಂದ ಶುರು ಮಾಡಿದರು. ಬಾಡಿ ಎದ್ದಿತು. ಕೀಲು ಬಂತು, ಕೊಂಡಿ ಬಿಟ್ಟಿತು.

ಆಮೇಲೆ ಇಬ್ಬರೂ ಗಾಡಿಗೆ ಹೆಗಲು ಕೊಟ್ಟರು. ವೈನಿ ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗ್ ಹಿಡಿದಿದ್ದರು. ಗಾಡಿ ಸದ್ದಿಲ್ಲದೆ ಬಾಡಿಯ ಕೆಳಗಿಂದ ಹೊರಬಂತು. ಸಾಹೇಬರು ಒಂದು ಹೆಜ್ಜೆ ಮುಂದೆ ಬಂದು, ಮೋಟರ್ ಯಾಕೆ ಚಾಲೂ ಮಾಡುತ್ತಿಲ್ಲ ಎಂದು ಕೇಳಿದರು. ಮುತ್ಯಾ ಕೂತಲ್ಲಿಂದಲೇ, ಇಂದು ಸೋಮವಾರ, ತುಸು ಸರಿದು ನಿಲ್ಲಿ ಎಂದರು. ಸಾಹೇಬರು ಸರಿದು ನಿಂತರು. ಅವರ ಮುಖದ ಮುಗುಳ್ನಗೆ ಹೋಗಿತ್ತು. ಗುಮಾನಿಯೂ ಹೋಯಿತೆಂದು ನನಗೆ ಅನಿಸಿದ್ದು ಆಗಲೇ.

ರೊಟ್ಟಿಯ ಬಾಡಿಯ ಕೆಳಗೆ ಗಾಡಿಯನ್ನು ತೂರಿಸುವುದು ಮುಂದಿನ ಕೆಲಸ. ಪಿನ್ ತನ್ನ ತೂತಿಗೆ ಒಂದು ಬೆರಳು ದೂರದಲ್ಲಿ ನಿಂತಿತು. ದೂಡಿದರೆ ದಾಟಿ ಹೋಯಿತು, ಎಳೆದರೆ ಮುಟ್ಟಲಿಲ್ಲ. ಮೋಟರಿನಲ್ಲಾದರೆ ಪಾದದ ತುದಿಯಿಂದ ಒತ್ತಿ ಅಷ್ಟೇ ಸರಿಸಬಹುದಿತ್ತು. ನೆಗೆಣ್ಣಿ ಹಿಂದಿನ ಗಾಲಿಗೆ ಒಂದು ಕಲ್ಲು ಒತ್ತಿ ಹಿಡಿದರು, ವೈನಿ ಗಾಡಿಯನ್ನು ಆ ಕಲ್ಲಿಗೆ ತಾಗುವವರೆಗೆ ಮೆಲ್ಲಗೆ ತಂದರು, ನೆಗೆಣ್ಣಿ ಕಲ್ಲನ್ನು ಕೂದಲಷ್ಟು ಸರಿಸಿದರು. ಬಾಡಿ ಇಳಿಯಿತು. ಪಿನ್ ರಬ್ಬರಿನೊಳಗೆ ಕೂತಿತು. ವೈನಿ ಕೀಲು ಹಾಕಿ, ಕೊಂಡಿ ಎಳೆದು, ಕೈ ಕೊಡವಿಕೊಂಡು, ಚಹಾ ಮಾಡುತ್ತೇನೆಂದು ಒಳಗೆ ಹೋದರು.

ಸಾಹೇಬರು ಅಂಗಿಯ ಬಗ್ಗೆ ಯೋಚಿಸದೆ ಗಾಡಿಯ ಕೆಳಗೆ ತೂರಿದರು. ಅಡ್ಡ ತೊಲೆ ಅವರ ಕಣ್ಣಿಗೆ ಬೀಳದೆ ಇರುವುದು ಸಾಧ್ಯವಿರಲಿಲ್ಲ.

"ಇದು ನಮ್ಮ ಡ್ರಾಯಿಂಗ್‌ನಲ್ಲಿ ಇಲ್ಲ," ಎಂಬ ದನಿ ಬಂತು.

"ಇಲ್ರಿ."

"ತೂತು?"

"ಒಂದೂ ಕೊರೆದಿಲ್ರಿ. ನೀವ ಕೊಟ್ಟ ತೂತು ಅದಾವು. ಬೇಕಂದ್ರ ಈಗ ಬಿಚ್ಚಿ ಮೊದಲಿನಂಗ ಮಾಡಿ ಕೊಡ್ತೇನಿ, ಆಮ್ಯಾಲ ನೀವ ಕುಂತು ಹೊಲದ ದಾರ್‍ಯಾಗ ಓಡಿಸಿ ನೋಡ್ರಿ."

ಸಾಹೇಬರು ಹೊರಗೆ ಬಂದರು. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೂ ಬದಲಿಸಬಹುದು ಅಂತಾಯಿತಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾಳೆ ಹೇರಿನೊಂದಿಗೆ ನೋಡುತ್ತೇನೆ, ಇಂಡಿಯಲ್ಲೇ ಉಳಿಯುತ್ತೇನೆ ಎಂದರು.

ಮಂಗಳವಾರ ಬೆಳಿಗ್ಗೆ ಬಾಡಿಯೊಳಗೆ ಖಡಕ್ ರೊಟ್ಟಿಯ ಡಬ್ಬಿಗಳು, ಚಟ್ನಿಯ ಪೊಟ್ಟಣಗಳು, ಭಾರಕ್ಕೆಂದು ಜೋಳದ ಚೀಲಗಳು ತುಂಬಿದವು. ವೈನಿ ಗಾಡಿ ಹಿಡಿದರು, ಸಾಹೇಬರು ಪಕ್ಕದಲ್ಲಿ ಕೂತರು. ಡಾಂಬರು ಬೇಡ, ಹೊಲದ ದಾರಿಯಲ್ಲೇ ಸುತ್ತಿ ಹೋಗಿ ಎಂದಿದ್ದೆ. ನಾನು ಸ್ಕೂಟಿಯಲ್ಲಿ ಹಿಂದೆ ಹೊರಟೆ. ಗಾಲಿದಾರಿಗಳಲ್ಲಿ ಕ್ಯಾಬಿನ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಹಾಕುತ್ತಿತ್ತು, ಹಿಂದಿನ ಬಾಡಿ ತನಗೂ ಅದಕ್ಕೂ ಸಂಬಂಧವಿಲ್ಲದಂತೆ ನೆಟ್ಟಗೆ ಹೋಗುತ್ತಿತ್ತು. ಹಳ್ಳ ಬಂತು. ಗಾಡಿ ಇಳಿಯಿತು, ಹತ್ತಿತು. ಏನೂ ಕೇಳಲಿಲ್ಲ. ಧೂಳು ಕಣ್ಣಿಗೆ ಬಿದ್ದಿತ್ತು. ಆದರೆ ಕಣ್ಣಲ್ಲಿ ನೀರು ಬಂದದ್ದು ಬರೀ ಧೂಳಿಗಲ್ಲ.

ಇಂಡಿ ಮುಟ್ಟಿ ಬದಿಯ ಬಾಗಿಲು ಮಡಚಿದಾಗ ಸಾಹೇಬರು ತಾವೇ ಒಂದು ಡಬ್ಬಿ ತೆರೆದರು. ಖಡಕ್ ರೊಟ್ಟಿ ಹಪ್ಪಳದಷ್ಟೇ ನಾಜೂಕು, ಜೋರಾಗಿ ಉಸಿರು ಬಿಟ್ಟರೂ ಮುರಿಯುತ್ತದೆ ಎಂದು ನಾವು ಚೇಷ್ಟೆ ಮಾಡುವುದುಂಟು. ಡಬ್ಬಿಯ ಪೂರ್ತಿ ಸಾಲು ಇಡಿಯಾಗಿತ್ತು. ಮೇಲಿನ ಒಂದೆರಡರ ಅಂಚು ಮುರಿದಿತ್ತು, ಅದು ಡಬ್ಬಿಗೆ ಹಾಕುವಾಗಲೇ ಮುರಿದದ್ದು ಎಂದು ವೈನಿ ಸಾಧಿಸಿದರು. ಸಾಹೇಬರು ಮುರಿದದ್ದನ್ನೇ ಚಟ್ನಿ ಹಚ್ಚಿಸಿಕೊಂಡು ತಿಂದರು. ತಿನ್ನುತ್ತಲೇ, ಆ ಅಡ್ಡ ತೊಲೆಯ ಅಳತೆಗಳನ್ನೆಲ್ಲ ಕಳಿಸಿಕೊಡಿ, ನಮ್ಮಲ್ಲೂ ಪರೀಕ್ಷೆಯಾಗಬೇಕು ಎಂದರು. ಒಪ್ಪಿಗೆ ಸಿಗುವವರೆಗೆ ಉಳಿದ ಮೂರು ಗಾಡಿಗಳಿಗೆ ಕೂರಿಸಬಹುದೇ ಎಂದು ಕೇಳಿದೆ. "ಇನ್ನೂ ಕೂರಿಸಿಲ್ವಾ?" ಎಂದರು.

ಕಂಪನಿಯ ಒಪ್ಪಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಈಗ ಅವರ ಡ್ರಾಯಿಂಗಿನಲ್ಲಿ ಮೂರೇ ಹಿಡಿತಗಳು, ಮತ್ತು ಬಾಡಿ ಬದಲಿಸುವ ವಿಧಾನದಲ್ಲಿ ಮೋಟರ್ ಬಂದ್ ಇರಬೇಕು ಎಂಬ ಸಾಲು. ಸಿಂದಗಿಯ ಶೆಡ್ಡಿನಲ್ಲಿ ನಾವು ಹನ್ನೊಂದು ಜನವೂ ಇದ್ದೇವೆ. ಮುದ್ದೇಬಿಹಾಳದವರ ಎರಡನೆಯ ಬಾಡಿ ಕೊಟ್ಟಿಗೆಯಿಂದ ಹೊರಗೆ ಬಂದಿದೆ, ಕೋಳಿ ಬೇರೆ ಜಾಗ ಹುಡುಕಿಕೊಂಡಿದೆ.

ಅಂದು ಇಂಡಿಯಲ್ಲಿ ಸಾಹೇಬರು ಹೊರಟುಹೋದ ಮೇಲೆ ನಾನು ವೈನಿಯ ಅಂಗಡಿಯ ಮುಂದೆ ನಿಂತು ಒಂದು ಮಾತು ಕೇಳಿದ್ದೆ. ಇನ್ನು ಮುಂದೆ ಸದ್ದು ಬಂದರೆ ವೆಲ್ಡಿಂಗ್ ಅಂಗಡಿಗೆ ಹೋಗುವುದಿಲ್ಲ ತಾನೇ? ವೈನಿ ಗಿರಾಕಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದರು. ಕಟ್ಟಿ ಮುಗಿಸಿಯೇ ನನ್ನ ಕಡೆ ನೋಡಿದರು.

"ಮೊದಲ ನಿಮಗ ಫೋನ್ ಮಾಡ್ತೇನ್ರಿ ಮೇಡಮ್ಮಾರ," ಎಂದರು. "ಬೋಲ್ಟ್ ಬಿಗಿ ಮಾಡ್ರಿ ಅಂದ್ರ ಮಾತ್ರ ಸೀದಾ ವೆಲ್ಡಿಂಗ್ ಅಂಗಡಿಗೆ ಹೊಕ್ಕೇನಿ."

ಈಗ ಶೆಡ್ಡಿನಲ್ಲಿ ಯಾವ ಊರಿಂದ ಸದ್ದಿನ ಫೋನ್ ಬಂದರೂ ಮಿಸ್ತ್ರಿ ಬಿಗಿ ಮಾಡಿ ಎನ್ನುವುದಿಲ್ಲ, ಬೈಕಿನ ಕೀಲಿ ತೆಗೆದುಕೊಳ್ಳುತ್ತಾನೆ.